ಚಪ್ಪಾಳೆ ತಟ್ಟಿದವರಿಗೆ ಗೊತ್ತಿಲ್ಲದ್ದು

ನನ್ನ ಮುದ್ದು ಪಪ್ಪಾ,

ನೀವಿಲ್ಲದಿದ್ದರೂ ಇದನ್ನು ನಿಮಗೇ ಹೇಳಬೇಕು! ನಿನ್ನೆ ಇಲ್ಲಿ ಗಲ್ಫಿನ ಖುರುಮ್‌ನಲ್ಲಿ ನಮ್ಮ ಊರಿನವರೆಲ್ಲ ಸೇರಿ ನಿಮ್ಮ ನೆನಪಿನ ಕಾರ್ಯಕ್ರಮ ಮಾಡಿದರು. ಹಾಲ್ ತುಂಬಿತ್ತು! "ವಾರವಿಡೀ ನಿದ್ದೆ ಬಿಟ್ಟು ನಾಟಕ ಬರೆದ ಮನುಷ್ಯ ಮಾರಾಯ್ರೇ!" ಎಂದು ವಿಶಾಲಣ್ಣ ಮೈಕಿನಲ್ಲಿ ಹೇಳಿದಾಗ ಎಂಥ ಚಪ್ಪಾಳೆ!

ಆ ನಾಟಕದ ನಂತರ ನೀವು ತಿಂಗಳುಗಟ್ಟಲೆ ಹಾಸಿಗೆ ಬಿಟ್ಟು ಏಳದೇ ಇದ್ದದ್ದು, ಡಾಕ್ಟರು ಬೈಪೋಲಾರ್ ಎಂದದ್ದು ಅಲ್ಲಿ ಯಾರಿಗೂ ಗೊತ್ತಿಲ್ಲ. ನನಗೂ ಅದೇ ಇದೆಯೆಂದು ನನ್ನ ಗಂಡ ಶ್ರವಣ್‌ಗೂ ಗೊತ್ತಿಲ್ಲ. ಮದುವೆಗೆ ಮೊದಲು ಮಮ್ಮಿ ಹೇಳಲು ಬಿಡಲಿಲ್ಲ. ಅವರ ಕಣ್ಣಿಗೆ ಬೀಳಬಾರದೆಂದು ಇಲ್ಲಿಗೆ ಬಂದ ಮೇಲೆ ಔಷಧಿ ನಿಲ್ಲಿಸಿದ್ದೇನೆ.

"ಇವಳೂ ಹಾಗೇ! ಈ ವಾರ ನಿದ್ದೆಯೇ ಇಲ್ಲ, ಗೋಡೆಯಿಡೀ ಚಿತ್ರ. ಅಪ್ಪನದ್ದೇ ರಕ್ತ!" ಎಂದು ಶ್ರವಣ್ ಎದ್ದುನಿಂತು ಹೇಳಿದರು. ಎಷ್ಟು ಹೆಮ್ಮೆ ಆ ಮುಖದಲ್ಲಿ, ಪಪ್ಪಾ!

ಕಾರು ಹತ್ತುವಾಗ ಎಲ್ಲ ಹೇಳಿಬಿಡುವ ಧೈರ್ಯ ಮಾಡಿ, "ನಾಳೆ ಡಾಕ್ಟರ್ ಹತ್ರ ಹೋಗುವನಾ?" ಎಂದೆ.

"ನಿಜವಾ ಮಾರಾಯ್ತಿ?" ಅವರ ಕಣ್ಣು ಅರಳಿತು. ನಾನು ಬಾಯಿ ತೆರೆಯುವ ಮೊದಲೇ ಊರಿಗೆ ಫೋನ್ ಮಾಡಿ, "ಅಮ್ಮಾ, ನೀವು ಅಜ್ಜಿ ಆಗ್ತೀರಿ!" ಎಂದು ಫೋನನ್ನು ನನ್ನ ಕೈಗಿಟ್ಟರು.

ಅತ್ತೆ ಖುಷಿಯಿಂದ ಅಳುತ್ತಿದ್ದರು. "ಮಗು ನಿನ್ನ ಅಪ್ಪನ ಹಾಗೇ ಆಗ್ಲಿ ಮಗಾ."

"ಆಗ್ಲಿ ಅತ್ತೆ" ಎಂದೆ.

ನಿಮ್ಮ
ನಿಶ್ಮಿತಾ