ಇರುವ ಸ್ಥಳದಲ್ಲಿಯೇ ಕತ್ತರಿಸಿದ ಮುಳ್ಳುತಂತಿ

ತ್ಯಾಜ್ಯ ಸಂಗ್ರಹ ಕೇಂದ್ರದ ಮುಖ್ಯಾಧಿಕಾರಿಗಳೇ,

ನಿಮ್ಮ ಕಚೇರಿ ಹೇಳಿದಂತೆ ಚಾಚೂ ತಪ್ಪದೆ ನಡೆದುಕೊಂಡದ್ದರಿಂದ ನನ್ನ ನಾದಿನಿಯ ಹಸು ಸತ್ತಿದೆ. ಮರುದಿನವೇ ನಿಮ್ಮಿಂದ ನನಗೆ ನೋಟಿಸು ಬಂದಿದೆ: ರಸ್ತೆ ಬದಿಯಲ್ಲಿ ಅಪಾಯಕಾರಿ ಲೋಹ ಇರಿಸಿದ್ದೀರಿ, ಏಳು ದಿನದೊಳಗೆ ತೆರವುಗೊಳಿಸತಕ್ಕದ್ದು. ಅದನ್ನು ತೆರವು ಮಾಡಿಕೊಡಿ ಎಂದು ನಿಮ್ಮ ಬಾಗಿಲಿಗೆ ಮೂರು ಸಲ ಅಲೆದವಳು ನಾನೇ. ನಿಮ್ಮ ಕಡತದಲ್ಲಿ ಅದಕ್ಕೆ ಜಾಗ ಸಿಕ್ಕಿರಲಿಕ್ಕಿಲ್ಲ. ಹಾಗಾಗಿ ನಾಲ್ಕು ಜನ ಓದುವಂತೆ ಇಲ್ಲಿ, ಪತ್ರಿಕೆಯಲ್ಲಿ, ಬರೆಯುತ್ತಿದ್ದೇನೆ.

ನನ್ನ ಹೊಲಕ್ಕೂ ನಾದಿನಿಯ ಹೊಲಕ್ಕೂ ನಡುವೆ ಇಪ್ಪತ್ತೆರಡು ವರ್ಷ ಮುಳ್ಳುತಂತಿಯ ಬೇಲಿ ಇತ್ತು. ಹಾಕಿಸಿದ್ದು ನನ್ನ ಯಜಮಾನರು, ತಂಗಿಯ ಮೇಲಿನ ಸಿಟ್ಟಿಗೆ. ಅವರು ಹೋದ ಮೇಲೂ ಆ ಸಿಟ್ಟನ್ನು ಆರದಂತೆ ನೋಡಿಕೊಂಡವಳು ನಾನು. ಅದನ್ನು ಮುಚ್ಚಿಡುವುದಿಲ್ಲ. ಈ ವರ್ಷ ಒಂದು ಬೆಳಿಗ್ಗೆ ಅವಳು ಬೇಲಿಯಾಚೆ ಬಂದು ನಿಂತಳು. "ಅತ್ತಿಗೆ, ಇಬ್ಬರಿಗೂ ಮಂಡಿ ಹೋಯ್ತು. ಸುತ್ತು ಹಾಕ್ಕೊಂಡು ಬಂದು ಜಗಳ ಆಡೋಕೂ ಆಗ್ತಿಲ್ಲ. ಇದನ್ನ ಕೀಳಿಸ್ಬಿಡು" ಎಂದಳು. ಕೀಳಿಸಿದೆ.

ತುಕ್ಕು ಹಿಡಿದ ಹದಿನಾಲ್ಕು ಸುರುಳಿ ತಂತಿ ಉಳಿಯಿತು. ಗುಜರಿಯವನು ಮುಟ್ಟಲಿಲ್ಲ. ಗುಂಡಿ ತೋಡಿ ಹೂತುಬಿಡೋಣ ಎಂದ ಮಗ. ನಾನು ಬೇಡವೆಂದು ನಿಮ್ಮ ಕಚೇರಿಗೆ ಬಂದೆ. ಹೂಳುವುದು ಅಪರಾಧ, ಸುರುಳಿ ಸುತ್ತಿ ರಸ್ತೆ ಬದಿಗಿಡಿ ಎಂದಿರಿ. ಬದು ರಸ್ತೆಗೆ ಸೇರುವ ಕಡೆ ಇಟ್ಟೆವು. ನಿಮ್ಮ ಲಾರಿಯವನು ಕೆಳಗೂ ಇಳಿಯಲಿಲ್ಲ. "ಸುರುಳಿ ತಗೊಳಲ್ಲಮ್ಮ, ಮಿಷನ್‌ಗೆ ಸುತ್ಕೊಳ್ಳುತ್ತೆ." ಮತ್ತೆ ಬಂದೆ. ಕಿಟಕಿಯಾಚೆಯ ಗುಮಾಸ್ತರು ತಲೆಯೆತ್ತದೆ ಒಂದು ಅಚ್ಚಾದ ಹಾಳೆ ತಳ್ಳಿದರು. 'ಗೇಣುದ್ದಕ್ಕೆ ಮೀರದಂತೆ, ಇರುವ ಸ್ಥಳದಲ್ಲಿಯೇ ಕತ್ತರಿಸಿ, ಚೀಲದಲ್ಲಿ ತುಂಬತಕ್ಕದ್ದು.' ಕೆಳಗೆ ನಿಮ್ಮ ಸಹಿ.

ನೀವು ಎಂದಾದರೂ ತುಕ್ಕು ತಿಂದ ಮುಳ್ಳುತಂತಿಯನ್ನು ಕತ್ತರಿಸಿದ್ದೀರಾ? ಇಕ್ಕಳ ಕಚ್ಚಿದ ಕೂಡಲೇ ಮುಳ್ಳು ಮುರಿದು ಮಿಡತೆಯ ಹಾಗೆ ಹಾರುತ್ತದೆ. ಒಂಬತ್ತು ದಿನ ಮಗ, ಸೊಸೆ, ನಾನು ಅಲ್ಲೇ ಬದುವಿನ ಹುಲ್ಲಿನ ಮೇಲೆ ತಾಡಪಾಲು ಹಾಸಿ ಕತ್ತರಿಸಿದೆವು. ಎರಡನೆಯ ದಿನವೇ ಸೊಸೆ ಕೈ ತಡೆದಳು. "ಅತ್ತೆ, ಮುಳ್ಳೆಲ್ಲ ಹುಲ್ಲಿಗೆ ಹೋಗ್ತಿದೆ. ಅಂಗಳಕ್ಕೆ ಒಯ್ದು ಸಿಮೆಂಟ್ ಮೇಲೆ ಕತ್ತರಿಸೋಣ."

"ಇರುವ ಸ್ಥಳದಲ್ಲಿಯೇ ಅಂತ ಬರೆದಿದೆ. ಸಾಹೇಬರಿಗಿಂತ ನಿನಗೆ ಜಾಸ್ತಿ ಗೊತ್ತಾ?" ಎಂದು ಬಾಯಿ ಮುಚ್ಚಿಸಿದೆ. ಹೈಸ್ಕೂಲು ನನಗೆ ಕಲಿಸಿದ್ದು ಅದನ್ನೇ, ಅಚ್ಚಾದದ್ದಕ್ಕೆ ಎದುರಾಡಬಾರದು ಎಂದು.

ಮೂವತ್ತೊಂದು ಚೀಲ ತುಂಬಿತು. ಲಾರಿ ಬಂತು. ಅದೇ ಚಾಲಕ. "ಮೊನೆ ಎಲ್ಲ ಚೀಲ ತೂತು ಮಾಡಿವೆ, ಯಾರು ಹೊರ್ತಾರೆ? ಸುರುಳಿ ಸುತ್ತಿ ಇಟ್ಟಿದ್ರೆ ಚೆನ್ನಾಗಿತ್ತು." ಮೂರನೆಯ ಸಲ ಬಂದಾಗ ನಿಮ್ಮ ಗುಮಾಸ್ತರು ಊಟಕ್ಕೆ ಹೋಗಿದ್ದರು. ಕಚೇರಿ ಮುಚ್ಚುವವರೆಗೂ ಕಾದೆ. ಅದು ಎಂಥ ಊಟವೋ, ಮುಗಿಯಲೇ ಇಲ್ಲ.

ಅಷ್ಟರಲ್ಲಿ ನಾದಿನಿ ಆ ಬದುವಿನ ಹುಲ್ಲು ಕೊಯ್ದು ತನ್ನ ಗಬ್ಬದ ಹಸುವಿಗೆ ಹಾಕಿದ್ದಳು. ಹಸು ಮೇವು ಬಿಟ್ಟಿತು, ಬೆನ್ನು ಬಾಗಿಸಿ ನಿಂತಿತು, ಮಲಗಲೂ ಆಗದೆ ನರಳಿತು. ಐದನೆಯ ದಿನ ಬಿತ್ತು. ಪಶುವೈದ್ಯರು ಹೊಟ್ಟೆ ಸೀಳಿ, ಗುಂಡಿಗೆಯ ಹತ್ತಿರದಿಂದ ಒಂದು ಮುಳ್ಳು ತೆಗೆದು ನನ್ನ ಅಂಗೈಯಲ್ಲಿಟ್ಟರು. ನಾನು ನಾದಿನಿಗೆ ನಿಮ್ಮ ಹಾಳೆ ತೋರಿಸಿದೆ.

"ಕಾಗದ ಒಳಗಿಡು ಅತ್ತಿಗೆ. ಹುಲ್ಲಿಗೆ ಮುಳ್ಳು ಹೋಗ್ತಿದೆ ಅಂತ ಅವತ್ತೇ ನಿನಗೆ ಹೇಳಿದ್ದನ್ನ ನಿನ್ನ ಸೊಸೆ ಈಗ ನಂಗೆ ಹೇಳಿದ್ಲು. ಗೊತ್ತಿದ್ದೂ ಮಾಡ್ದೆ ನೀನು."

ಈಗ ಅವಳ ಕಡೆಯಿಂದ ಬದುವಿನುದ್ದಕ್ಕೂ ಹೊಸ ಬೇಲಿಯ ಕಂಬದ ಗುಂಡಿಗಳು ಬಿದ್ದಿವೆ.

ಹೊಲದಲ್ಲಿ ಹುಲ್ಲಿರುತ್ತದೆ, ಹುಲ್ಲನ್ನು ದನ ತಿನ್ನುತ್ತದೆ ಎಂಬುದು ತಮ್ಮ ಕಚೇರಿಗೆ ಇನ್ನೂ ಅಧಿಕೃತವಾಗಿ ತಿಳಿದುಬಂದಿಲ್ಲವೇ? 'ಇರುವ ಸ್ಥಳದಲ್ಲಿಯೇ' ಎಂಬ ಎರಡು ಪದ ಬರೆಯುವಾಗ ನೀವು ಯಾವ ಸ್ಥಳವನ್ನು ನೆನೆದಿರಿ? ನಿಮ್ಮ ಮೇಜನ್ನೇ?

ನನ್ನ ತಪ್ಪು ನನಗೆ ಗೊತ್ತು. ಸೊಸೆಯನ್ನು ಕೂರಿಸಿಕೊಂಡು, ನೀನು ಹೇಳಿದ್ದೇ ಸರಿ ಎಂದೆ. ಈ ಮನೆಯಲ್ಲಿ ನಾನು ಯಾರಿಗೂ ಹೇಳದ ಮಾತು ಅದು. ಆದರೆ ನಿಮ್ಮ ಪಾಲಿನದನ್ನು ನಾನು ಹೇಳಿದರೆ ನಾದಿನಿ ನಂಬುವುದಿಲ್ಲ. ಅದಕ್ಕೇ ಕೇಳುತ್ತಿದ್ದೇನೆ. ಆ ಹಾಳೆಯನ್ನು ಇವತ್ತೇ ಕಿಟಕಿಯಿಂದ ತೆಗೆಸಿ. ಚೀಲಗಳನ್ನು ಹೊರಿಸಿ. ಒಂದು ದೊಡ್ಡ ಅಯಸ್ಕಾಂತ ಹಿಡಿದು ಬಂದು ಆ ಬದುವನ್ನು ನನ್ನ ಜೊತೆ ನಡೆಯಿರಿ. ಆಮೇಲೆ ಅವಳ ಅಂಗಳದಲ್ಲಿ ನಿಂತು, ಅಲ್ಲೇ ಕತ್ತರಿಸಿ ಎಂದು ಬರೆದದ್ದು ನಾನು ಎಂದು ನಿಮ್ಮ ಬಾಯಿಂದಲೇ ಹೇಳಿ. ಕಂಬ ನೆಡುವವರು ಸೋಮವಾರ ಬರುತ್ತಾರೆ. ನೀವು ಭಾನುವಾರದೊಳಗೆ ಬರಬೇಕು.

ಇಂತಿ,
ಮನೆಯವರ ಮಾತಿಗಿಂತ ನಿಮ್ಮ ಸಹಿಯನ್ನು ನಂಬಿದ
ಒಬ್ಬಳು ಅತ್ತಿಗೆ