ಎಂಜಿನ್ ಆರಿಸಿದ್ದು ನನ್ನ ತಂಗಿಯ ತಪ್ಪೇ?

ಬಂದರಿನ ಸುರಕ್ಷತಾಧಿಕಾರಿಗಳೇ,

ಇವತ್ತು ಬೆಳಗ್ಗೆ ಆರಕ್ಕೆ, ಡಾಲ್ಫಿನ್ ಅಧ್ಯಯನಕ್ಕೆಂದು ನನ್ನ ತಂಗಿ ಕೂರುತ್ತಿದ್ದ ಸಂಶೋಧನಾ ದೋಣಿಯಲ್ಲಿ ನಾನು ಕೂತೆ. ಮಧ್ಯಾಹ್ನದವರೆಗೂ ಡಾಲ್ಫಿನ್ ನೋಡಿದೆ. ಕಳೆದ ತಿಂಗಳು ಇದೇ ದೋಣಿಗೆ ಪ್ರವಾಸಿಗರ ಸ್ಪೀಡ್ ಬೋಟ್ ಗುದ್ದಿ ಅವಳು ಸತ್ತಳು. "ಸಂಚಾರ ಮಾರ್ಗದಲ್ಲಿ ಎಂಜಿನ್ ಆರಿಸಿ ನಿಂತಿದ್ದು ಮೃತಳದೇ ನಿರ್ಲಕ್ಷ್ಯ" ಎಂದು ನೀವು ವರದಿ ಬರೆದಿರಿ. ಎಷ್ಟು ಚೊಕ್ಕ ವಾಕ್ಯ! ಸತ್ತವಳು ಎದ್ದು ಬಂದು ತಕರಾರು ಮಾಡುವುದಿಲ್ಲವಲ್ಲ. ನಾನು ಮಾಡುತ್ತೇನೆ.

ನಾನು ಬಟ್ಟೆ ಹೊಲಿಯುವವಳು, ಕಡಲು ನನಗೆ ತಿಳಿಯದು. ಅಂದು ಅವಳ ಜೊತೆಗಿದ್ದ ದೋಣಿಯವನೇ ನನ್ನನ್ನು ಕರೆದೊಯ್ದ. ಅವನ ಹಣೆಯ ಹೊಲಿಗೆಯ ಗಾಯ ಇನ್ನೂ ಮಾಸಿಲ್ಲ. ಡಾಲ್ಫಿನ್‌ಗಳು ಕಂಡೊಡನೆ ಎಂಜಿನ್ ಆರಿಸಿದ.

"ಬಂದ್ರು ನೋಡಿ ಅಕ್ಕಾ, ನಿಮ್ ತಂಗಿ ನೆಂಟ್ರು. ಮಾತಾಡ್ಸೋಕೆ ಅವ್ರಿಲ್ಲ, ನಿಮ್ಮನ್ನಾದ್ರೂ ನೋಡ್ಕೊಂಡ್ ಹೋಗ್ಲಿ."

ಬೆನ್ನಿನ ರೆಕ್ಕೆ ಹರಿದ ತಾಯಿಯೊಂದು ಮರಿಯನ್ನು ಪಕ್ಕಕ್ಕಿಟ್ಟುಕೊಂಡು ಬಂತು. ತಂಗಿ ಅದನ್ನು ಹರಕಮ್ಮ ಎನ್ನುತ್ತಿದ್ದಳು. ಉಸಿರು ಬಿಟ್ಟರೆ ನಮ್ಮ ಮುಖಕ್ಕೆ ನೀರು ಸಿಡಿಯುವಷ್ಟು ಹತ್ತಿರ. ನಗಲು ಹೋಗಿ ಅತ್ತೆ.

ಆಗ ಬಂತು ಸ್ಪೀಡ್ ಬೋಟ್, ನೇರ ನಮ್ಮ ಮೇಲೆಯೇ.

"ಎಂಜಿನ್ ಹಾಕಪ್ಪಾ!" ಎಂದು ಕಿರುಚಿದೆ.

"ಹೆಂಗ್ ಹಾಕ್ಲಿ ಅಕ್ಕಾ? ಮರಿ ಎಂಜಿನ್ ಫ್ಯಾನ್ ಹತ್ರಾನೇ ಇದೆ, ತುಂಡಾಗೋಗತ್ತೆ. ಅವತ್ತೂ ನಾನು ಹಾಕೋಕೆ ಹೋದೆ. ನಿಮ್ ತಂಗೀನೇ ನನ್ ಕೈ ಹಿಡ್ಕೊಂಡ್ರು."

ಅವನು ಎದ್ದು ನಿಂತು ಕೆಂಪು ಬಟ್ಟೆ ಬೀಸಿದ. ಬೋಟು ಕೊನೆಯ ಗಳಿಗೆಯಲ್ಲಿ ಪಕ್ಕಕ್ಕೆ ಸರಿಯಿತು. ಅದರಲ್ಲಿದ್ದವರು ನಮಗೆ ಖುಷಿಯಿಂದ ಟಾಟಾ ಮಾಡಿದರು.

ಸ್ವಾಮೀ, ಡಾಲ್ಫಿನ್ ಹತ್ತಿರ ಬಂದರೆ ಎಂಜಿನ್ ಆರಿಸಬೇಕೆಂಬ ನಿಯಮ ಯಾರದು? ದೋಣಿ ಹತ್ತುವ ಧಕ್ಕೆಯ ಫಲಕದಲ್ಲಿ ನಿಮ್ಮ ಕಚೇರಿಯೇ ದೊಡ್ಡಕ್ಷರದಲ್ಲಿ ಬರೆಸಿದೆ. ಪಾಲಿಸಿದವಳಿಗೆ ನಿರ್ಲಕ್ಷ್ಯದ ಪಟ್ಟ, ಪಾಲಿಸದೆ ಗುದ್ದಿದವನಿಗೆ ಮತ್ತೆ ಪರವಾನಗಿ! ಓದಲು ಬಾರದ್ದು ಬೋಟಿನವನಿಗೋ, ನಿಮಗೋ?

"ಬಿಟ್ಟುಬಿಡೇ, ಹೋದವಳು ಬರ್ತಾಳಾ?" ಎನ್ನುತ್ತಾಳೆ ಅಮ್ಮ. ಬಿಡುವುದಿಲ್ಲ. ನಿಮ್ಮನ್ನು ಕಂಡಾಗಲೆಲ್ಲ ಊರಿಗೆ ನನ್ನ ತಂಗಿ ನೆನಪಾಗಬೇಕು. ಊಟಕ್ಕೆ ಕೂತಾಗ ನಿಮ್ಮ ಮಕ್ಕಳೇ ಕೇಳಬೇಕು, "ಅಪ್ಪಾ, ಆ ವಾಕ್ಯ ನೀನೇ ಬರೆದಿದ್ದಾ?" ಎಂದು. ತುತ್ತು ಗಂಟಲಲ್ಲೇ ನಿಲ್ಲಲಿ. ಪರಿಹಾರದ ಮಾತು ನನ್ನ ಹತ್ತಿರ ಬೇಡ. ಆ ವಾಕ್ಯ ಹೊಡೆದುಹಾಕಿ, ತಪ್ಪು ನಿಮ್ಮ ಕಚೇರಿಯದೆಂದು ಬರೆದು, ಕುರ್ಚಿ ಬಿಟ್ಟು ಏಳಿ. ಅಲ್ಲಿಯವರೆಗೆ ನಿಮ್ಮ ಬಾಗಿಲ ಮುಂದೆಯೇ ಕೂರುತ್ತೇನೆ.

ನಾಳೆ ಹತ್ತಕ್ಕೆ ನಿಮ್ಮ ಕಚೇರಿ ತೆರೆಯುತ್ತದೆ.

ಇಂತಿ,
ನೀವು 'ಮೃತಳು' ಎಂದಷ್ಟೇ ಬರೆದವಳ ಅಕ್ಕ