ಆ ಬೇರೆಯವರು

ಪ್ರೀತಿಯ ಅಕ್ಕನಿಗೆ,

ಬೆಳಿಗ್ಗೆ ನಾನು ಎದ್ದ ಮೇಲೂ ನನ್ನ ಬೆರಳುಗಳು ಮಲಗಿಯೇ ಇರುತ್ತವೆ. ಬಿಸಿನೀರಿನಲ್ಲಿ ಇಳಿಬಿಟ್ಟು ಕಾಯುತ್ತೇನೆ. ಹಬೆಯೊಳಗೆ ಅವು ಬೇರೆ ಯಾರವೋ ಎಂಬಂತೆ ತೇಲುತ್ತವೆ. ನನ್ನ ಹೊಲಿಗೆ ಅಂಗಡಿಯಲ್ಲಿ ಗುಂಡಿ ಕಾಣದ ಕೋಟುಗಳು ತೂಗುತ್ತಿವೆ. ಮಧ್ಯಾಹ್ನದ ಬೆಳಕಿನಲ್ಲಿ ನಾನೂ ಅವುಗಳ ಸಾಲಿನಲ್ಲೇ ತೂಗುತ್ತಿದ್ದೇನೆ ಅನ್ನಿಸುತ್ತದೆ.

ಸಂಧಿವಾತಕ್ಕೆ ಹೊಸದಾಗಿ ಒಪ್ಪಿಗೆ ಸಿಕ್ಕಿರುವ ಮಾತ್ರೆಯ ಬಗ್ಗೆ ಡಾಕ್ಟರಮ್ಮ ಎಲ್ಲವನ್ನೂ ಬಿಡಿಸಿ ಹೇಳಿದರು. ಪ್ರಯೋಗದಲ್ಲಿ ಅದನ್ನು ನುಂಗಿದವರಲ್ಲಿ ಹೆಚ್ಚಿನವರ ಬೆರಳು ಮತ್ತೆ ಮಡಚುತ್ತಿವೆಯಂತೆ. ಕೆಲವರ ಲಿವರ್ ಕೆಟ್ಟಿತಂತೆ.

"ಹತ್ತು ವರ್ಷ ಆದ್ಮೇಲೆ ಏನಾಗತ್ತೆ?" ಎಂದೆ.

"ಗೊತ್ತಿಲ್ಲಪ್ಪ, ಮಾತ್ರೆಗೇ ಇನ್ನೂ ಅಷ್ಟು ವಯಸ್ಸಾಗಿಲ್ಲ" ಎಂದು ನಕ್ಕರು. ಆ ನಗುವಿನಲ್ಲಿ ಮೋಸವಿರಲಿಲ್ಲ.

"ಮೊದಲು ಬೇರೆಯವರು ನುಂಗಿ ನೋಡಲಿ, ಆಮೇಲೆ ನಿನ್ನ ಶೂರತನ" ಎಂದು ನೀನು ಫೋನಿನಲ್ಲಿ ಗದರಿದೆಯಲ್ಲ, ಆ ಬೇರೆಯವರನ್ನು ಆಸ್ಪತ್ರೆಯ ಬೆಂಚಿನ ಮೇಲೆ ಹುಡುಕಿದೆ. ಪಕ್ಕದಲ್ಲಿ ನನ್ನಂತೆಯೇ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದ ಕ್ಷೌರದವನು, "ನಮ್ಮನೇಲೂ ಇದೇ ಮಾತು ಸ್ವಾಮಿ. ನೀವು ತಗೊಳ್ಳಿ, ನಾನು ನೋಡ್ತೀನಿ" ಎಂದ. ಅವನ ಪಾಲಿಗೆ ಬೇರೆಯವನು ನಾನೇ.

ಸೋಮವಾರದಿಂದ ಶುರು ಮಾಡುತ್ತೇನೆ. ಆಗಾಗ ರಕ್ತಪರೀಕ್ಷೆ ಇರುತ್ತದೆ, ಹೆದರಬೇಡ. ಬೈಯುವುದಿದ್ದರೆ ಬಂದೇ ಬೈ, ನಾಲ್ಕು ದಿನ ಇದ್ದು ಹೋಗು. ಕಣ್ಣು ಹಳದಿಯಾದರೆ ತಕ್ಷಣ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಬರಬೇಕಂತೆ. ಕನ್ನಡಿ ಇದೆ, ನಿಜ. ಆದರೆ ಆಸೆಗೆ ಬಿದ್ದ ಕಣ್ಣು ತನ್ನನ್ನು ತಾನು ಬಿಳಿಯೆಂದೇ ನೋಡಿಕೊಳ್ಳುತ್ತದೆ. ನೀನು ನೋಡಿ ಹೇಳು.

ದಾರಿ ಕಾಯುತ್ತಿರುವ
ನಿನ್ನ ತಮ್ಮ